ಚಾವಣಿಯ ಕಲೆ, ಓರ್ಸೆಯ ಎರಡು ತಿಂಗಳು

ಮಾರ್ಟಿನ್ ಕಾರ್ಪ್ಲಸ್ ತಮ್ಮ ಬದುಕಿನ ಕಥೆಗೆ ಇಟ್ಟ ಹೆಸರು ‘ಚಾವಣಿಯ ಮೇಲೆ ಪಾಲಕ್ ಸೊಪ್ಪು’. 2006ರಲ್ಲಿ ಜೈವಿಕ ಭೌತವಿಜ್ಞಾನದ ಒಂದು ವಾರ್ಷಿಕ ಸಂಪುಟದಲ್ಲಿ, ಸಮೀಕರಣಗಳಿಂದ ತುಂಬಿದ ಲೇಖನಗಳ ನಡುವೆ ಈ ಹೆಸರು ಅಚ್ಚಾಯಿತು. ವಿಯೆನ್ನಾದ ಮನೆಯಲ್ಲಿ ಊಟದ ಮೇಜಿನ ಮುಂದೆ ಕೂತ ಪುಟ್ಟ ಹುಡುಗನಿಗೆ ಪಾಲಕ್ ಸೊಪ್ಪು ಕಂಡರೆ ಆಗದು. ಒಂದು ದಿನ ಚಮಚ ತುಂಬ ಇದ್ದ ಸೊಪ್ಪನ್ನು ಮೇಲಕ್ಕೆ ಎಸೆದ. ಅದು ಚಾವಣಿಗೆ ಹೋಗಿ ಅಂಟಿತು. ಆ ಹಸಿರು ಕಲೆ ವರ್ಷಗಟ್ಟಲೆ ಅಲ್ಲೇ ಉಳಿಯಿತಂತೆ.

ಅಣುಗಳ ನಡತೆಯನ್ನು ಪ್ರಯೋಗಶಾಲೆಯ ಗಾಜಿನ ಕೊಳವೆಗಳಲ್ಲಿ ನೋಡುವ ಬದಲು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತಿಳಿಯುವ ರಸಾಯನಶಾಸ್ತ್ರಕ್ಕೆ 2013ರ ನೊಬೆಲ್ ಬಹುಮಾನ ಬಂತು. ಅದನ್ನು ಪಡೆದ ಮೂವರಲ್ಲಿ ಒಬ್ಬರು ಕಾರ್ಪ್ಲಸ್. ಇನ್ನಿಬ್ಬರು ಮೈಕೆಲ್ ಲೆವಿಟ್ ಮತ್ತು ಏರಿಯಲ್ ವಾರ್ಷೆಲ್. ಈ ವಿದ್ಯೆ ಬೆಳೆದದ್ದು ಹೇಗೆಂದು ಬರೆಯುವವರು ಸಾಮಾನ್ಯವಾಗಿ ಯಂತ್ರಗಳ ಪಟ್ಟಿ ಕೊಡುತ್ತಾರೆ. ಯಾವ ವರ್ಷ ಯಾವ ಕಂಪ್ಯೂಟರ್ ಬಂತು, ಯಾವ ಪ್ರಬಂಧ ಎಲ್ಲಿ ಪ್ರಕಟವಾಯಿತು, ಕೊನೆಗೆ ಯಾರಿಗೆ ಬಹುಮಾನ ಸಿಕ್ಕಿತು. ನಾನು ಪಿಎಚ್‌.ಡಿ.ಗೆಂದು ಆರಿಸಿಕೊಂಡದ್ದು ಬೇರೆ: ವಿಜ್ಞಾನಿಗಳು ಒಂದೆಡೆ ಕೂತು ಮಾತಾಡಿದ ಜಾಗಗಳು. ಸೆಮಿನಾರ್, ಕಾರ್ಯಾಗಾರ, ಊಟದ ಮೇಜು, ಮಕ್ಕಳ ತರಗತಿ. ವಿಷಯ ಮಂಡಿಸಿದ ದಿನ ಹಿರಿಯರೊಬ್ಬರು ಕನ್ನಡಕ ತೆಗೆದು, ಇದು ಚರಿತ್ರೆಯಲ್ಲ ಕಣಮ್ಮ, ಹರಟೆ ಎಂದರು. ಸಭೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರಲಿಲ್ಲ. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಊಟದ ಮೇಜಿಗೆ ದಫ್ತರ ಇರುವುದಿಲ್ಲ. ಉಳಿದಿರುವುದು ಗೆದ್ದವರು ಮುಪ್ಪಿನಲ್ಲಿ ನೆನೆದು ಹೇಳಿದ ಕಥೆಗಳು. ಅವನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮಾರ್ಟಿನ್ ಹುಟ್ಟಿದ್ದು 1930ರ ಮಾರ್ಚ್ 15ರಂದು, ವಿಯೆನ್ನಾದಲ್ಲಿ, ಧಾರ್ಮಿಕ ಆಚರಣೆಗಳಿಗೆ ಅಷ್ಟಾಗಿ ಅಂಟಿಕೊಳ್ಳದ ಯಹೂದಿ ಕುಟುಂಬದಲ್ಲಿ. ಮನೆತನವೇ ವೈದ್ಯರದು. ತಂದೆಯ ತಂದೆ ಯೋಹಾನ್ ಪೌಲ್ ಕಾರ್ಪ್ಲಸ್ ವಿಯೆನ್ನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಮಿದುಳಿನ ಹೈಪೋಥಲಮಸ್ ಎಂಬ ಭಾಗದ ಕೆಲಸವೇನೆಂದು ಹುಡುಕಿದವರಲ್ಲಿ ಮೊದಲಿಗರು. ತಾಯಿಯ ತಂದೆ ಖಾಸಗಿ ಚಿಕಿತ್ಸಾಲಯ ನಡೆಸುತ್ತಿದ್ದರು. ಹಾಗಾಗಿ ಈ ಹುಡುಗ ಡಾಕ್ಟರಾಗುವುದು ಮನೆಯಲ್ಲಿ ಚರ್ಚೆಯಿಲ್ಲದೆ ತೀರ್ಮಾನವಾಗಿತ್ತು. ಅವನೂ ತಯಾರಿ ಶುರುಮಾಡಿಕೊಂಡಿದ್ದ. ಡಾಕ್ಟರ್ ಮಾವನೊಬ್ಬನ ಉಸ್ತುವಾರಿಯಲ್ಲಿ ಮನೆಯ ಕುರ್ಚಿಗಳ ಕಾಲಿಗೆಲ್ಲ ಬ್ಯಾಂಡೇಜು ಸುತ್ತುತ್ತಿದ್ದ, ಮುರಿದ ಮೂಳೆ ಕಟ್ಟುವವನಂತೆ. ಕುರ್ಚಿಗೆ ನೋವಾಗುವುದಿಲ್ಲ, ಅವನ ಅಭ್ಯಾಸಕ್ಕೂ ಭಂಗವಿಲ್ಲ. ದೊಡ್ಡವರು ಆಟವೆಂದು ತಳ್ಳಿಬಿಡದೆ, ಹೀಗಲ್ಲ ಹೀಗೆ ಎಂದು ಹೇಳಿಕೊಡುತ್ತಿದ್ದರು.

ಇದು ಸುಖವಾದ ಬಾಲ್ಯದ ಚಿತ್ರ. ಆದರೆ ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಪಕ್ಕದಲ್ಲೇ ಬರುವ ಇನ್ನೊಂದು ಸಂಗತಿ. ಅದೇ ಕಟ್ಟಡದಲ್ಲಿ ಇಬ್ಬರು ಹುಡುಗರಿದ್ದರು. ಮಾರ್ಟಿನ್ ಮತ್ತು ಅವನ ಅಣ್ಣ ರಾಬರ್ಟ್‌ಗೆ ದಿನವೂ ಆಟದ ಜೊತೆಗಾರರು. 1937ರ ವಸಂತದಲ್ಲಿ ಅವರು ಇದ್ದಕ್ಕಿದ್ದಂತೆ ಮಾತು ಬಿಟ್ಟರು. ಆಮೇಲೆ ‘ಕೊಳಕು ಯಹೂದಿಗಳು’ ಎಂದು ಕೂಗಲು ತೊಡಗಿದರು. ಜರ್ಮನ್ ಸೇನೆ ಆಸ್ಟ್ರಿಯಾದೊಳಗೆ ಬಂದದ್ದು 1938ರ ಮಾರ್ಚಿಯಲ್ಲಿ. ಅದಕ್ಕೆ ವರ್ಷ ಮುಂಚೆಯೇ ಮೆಟ್ಟಿಲ ಮೇಲಿನ ಗುಂಪು ಒಡೆದಿತ್ತು. ಚರಿತ್ರೆಯ ಪುಸ್ತಕದ ದಿನಾಂಕಕ್ಕಿಂತ ಮೊದಲು ಮಕ್ಕಳ ಆಟದಲ್ಲಿ ಸುದ್ದಿ ಬಂದುಬಿಟ್ಟಿತ್ತು. ‘ಹರಟೆ’ ಎಂದವರಿಗೆ ಅಂದು ನಾನು ಕೊಡಬೇಕಿದ್ದ ಉತ್ತರ ಬಹುಶಃ ಇದೇ. ಆ ಹೊತ್ತಿಗೆ ಹೊಳೆಯಲಿಲ್ಲ.

ಸೇನೆ ಬಂದ ಕೆಲವೇ ದಿನಗಳಲ್ಲಿ ತಾಯಿ ಇಬ್ಬರು ಮಕ್ಕಳನ್ನು ಕರೆದುಕೊಂಡು ರೈಲು ಹತ್ತಿ ಸ್ವಿಟ್ಜರ್ಲೆಂಡ್ ಸೇರಿದಳು. ತಂದೆಯನ್ನು ವಿಯೆನ್ನಾದಲ್ಲಿ ಸೆರೆಯಲ್ಲಿಟ್ಟುಕೊಂಡರು. ಬೇಸಗೆಯನ್ನು ತಾಯಿಮಕ್ಕಳು ಫ್ರಾನ್ಸಿನ ಕಡಲತೀರದ ಊರೊಂದರಲ್ಲಿ ಕಳೆದರು. ಅಮೆರಿಕಕ್ಕೆ ಹೋಗುವ ಹಡಗು ಹೊರಡಲು ಕೆಲವು ದಿನ ಉಳಿದಿದ್ದಾಗ ತಂದೆ ಲ ಆವ್ರ್ ಬಂದರಿನಲ್ಲಿ ಬಂದು ಕೂಡಿಕೊಂಡರು. ‘ಇಲ್ ದ ಫ್ರಾನ್ಸ್’ ಎಂಬ ಆ ಹಡಗು ನ್ಯೂಯಾರ್ಕ್ ತಲುಪಿದ್ದು 1938ರ ಅಕ್ಟೋಬರ್ 8ರಂದು. ಬಾಸ್ಟನ್ನಿನ ಹತ್ತಿರ ತಂದೆಯ ಸಹೋದರ ಎಡುವರ್ಡ್ ಇದ್ದರು. ವಿದ್ಯುತ್ತಿನ ವೋಲ್ಟೇಜನ್ನು ಗುಬುಟು ತಿರುಗಿಸಿ ಹೆಚ್ಚುಕಡಿಮೆ ಮಾಡುವ ‘ವೇರಿಯಾಕ್’ ಎಂಬ ಉಪಕರಣವನ್ನು ಕಂಡುಹಿಡಿದವರು ಅವರೇ. ನಮ್ಮ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಶಾಲೆಗಳಲ್ಲಿ ಆ ಹೆಸರು ಈಗಲೂ ಬಾಯಲ್ಲಿದೆ.

ಹೊಸ ದೇಶದಲ್ಲಿ ಅಣ್ಣ ರಾಬರ್ಟ್‌ಗೆ ಒಂದು ರಸಾಯನಶಾಸ್ತ್ರದ ಆಟದ ಪೆಟ್ಟಿಗೆ ಸಿಕ್ಕಿತು. ಪೆಟ್ಟಿಗೆಯಲ್ಲಿದ್ದ ಪುಡಿಗಳು ಸಾಲದೆ ಔಷಧಿ ಅಂಗಡಿಯಿಂದ, ಶಾಲೆಯ ಪ್ರಯೋಗಶಾಲೆಯಿಂದ ಇನ್ನಷ್ಟು ತಂದು ಸೇರಿಸಿಕೊಂಡ. ಮನೆಯಲ್ಲಿ ಸದ್ದು, ಹೊಗೆ, ಕೊಳೆತ ಮೊಟ್ಟೆಯ ನಾತ. ತಮ್ಮನಿಗೆ ತನಗೂ ಅಂಥದ್ದೇ ಬೇಕು ಎಂದು ಹಟ. ತಂದೆತಾಯಿ ಯೋಚಿಸಿದರು. ಒಂದು ಮನೆಗೆ ಒಬ್ಬ ಸ್ಫೋಟಗಾರ ಸಾಕು, ಇಬ್ಬರಾದರೆ ಮನೆ ಉಳಿಯುವುದಿಲ್ಲ. ಹಾಗಾಗಿ ತಂದೆ ಅವನಿಗೆ ಬಾಶ್ ಅಂಡ್ ಲಾಂಬ್ ಕಂಪನಿಯ ಸೂಕ್ಷ್ಮದರ್ಶಕ ತಂದುಕೊಟ್ಟರು. ಹುಡುಗನಿಗೆ ನಿರಾಸೆಯಾಯಿತು. ಸದ್ದಿಲ್ಲ, ವಾಸನೆಯಿಲ್ಲ, ಇದೆಂಥ ಆಟ? ಆದರೆ ಬೀದಿಯ ಮೋರಿಯಿಂದ, ಜೌಗು ನೆಲದಿಂದ ನೀರು ತಂದು ಇಟ್ಟಾಗ ವಾಸನೆಯ ಕೊರತೆ ನೀಗಿತು. ಗಾಜಿನ ಕೆಳಗೆ ರೋಟಿಫರ್‌ಗಳು ಕಂಡವು: ಬಾಯಿಯ ಸುತ್ತ ಚಕ್ರದಂತೆ ತಿರುಗುವ ರೋಮಗಳಿರುವ, ಕಣ್ಣಿಗೆ ಕಾಣದ ಜೀವಿಗಳು. ಗಂಟೆಗಟ್ಟಲೆ ನೋಡುತ್ತ ಕೂತ.

ಮುಂದೆ ಇಡೀ ಬದುಕು ಈ ಮನುಷ್ಯ ಮಾಡಿದ್ದು ಸುಮ್ಮನೆ ಕಾಣುವ ವಸ್ತುವಿನೊಳಗಿನ ಚಲನೆಯನ್ನು ನೋಡುವ ಕೆಲಸ. ಹಾಗೆಂದು ರೋಟಿಫರ್‌ನಿಂದ ನೇರ ಗೆರೆ ಎಳೆದು ನೊಬೆಲ್‌ಗೆ ಕಟ್ಟಿಬಿಡಲು ನನಗೆ ಮನಸ್ಸಿಲ್ಲ. ಸೂಕ್ಷ್ಮದರ್ಶಕ ಸಿಕ್ಕ ಎಷ್ಟೋ ಮಕ್ಕಳು ಮುಂದೆ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿರುತ್ತಾರೆ. ಇಷ್ಟು ಮಾತ್ರ ಹೇಳಬಹುದು. ಊರು, ಭಾಷೆ, ಅಜ್ಜಂದಿರ ಪ್ರತಿಷ್ಠೆ ಎಲ್ಲ ಕಳೆದುಕೊಂಡು ಬಂದ ಕುಟುಂಬ ಮಕ್ಕಳಿಗೆ ಗಲೀಜು ಮಾಡುವ ಸ್ವಾತಂತ್ರ್ಯವನ್ನು ಮಾತ್ರ ಕಳೆಯಲಿಲ್ಲ.

ಹಾರ್ವರ್ಡ್‌ನಲ್ಲಿ ಓದು ಮುಗಿಸಿದ ಮಾರ್ಟಿನ್ 1950ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸೇರಿದರು. ಮೊದಲು ಸೇರಿದ್ದು ಜೀವವಿಜ್ಞಾನಕ್ಕೆ, ಮ್ಯಾಕ್ಸ್ ಡೆಲ್ಬ್ರುಕ್ ಅವರ ಗುಂಪಿಗೆ. ಕಣ್ಣು ಬೆಳಕನ್ನು ಹೇಗೆ ಗ್ರಹಿಸುತ್ತದೆ ಎಂಬುದರ ಬಗ್ಗೆ ತಮ್ಮ ಆಲೋಚನೆಯನ್ನು ಸೆಮಿನಾರಿನಲ್ಲಿ ಮಂಡಿಸಲು ನಿಂತರು. ಕೆಲವು ನಿಮಿಷಗಳಾಗಿರಬೇಕು, ಡೆಲ್ಬ್ರುಕ್ ನಡುವೆ ಬಾಯಿ ಹಾಕಿ ತಮಗೆ ಅರ್ಥವಾಗಲಿಲ್ಲ ಎಂದರು. ಮಾರ್ಟಿನ್ ಮತ್ತೆ ಮೊದಲಿನಿಂದ ಹೇಳಿದರು. ಮತ್ತೆ ಅದೇ ಮಾತು. ಮೂರನೆಯ ಸಲವೂ ಹೀಗೇ ಆದಾಗ ಸಭಿಕರಲ್ಲಿ ಕೂತಿದ್ದ ರಿಚರ್ಡ್ ಫೈನ್‌ಮನ್ ಬಾಯಿ ತೆರೆದು, ತನಗಂತೂ ಎಲ್ಲ ಸ್ಪಷ್ಟವಾಗಿ ಅರ್ಥವಾಗುತ್ತಿದೆ ಎಂದುಬಿಟ್ಟರು. ಡೆಲ್ಬ್ರುಕ್ ಮುಖ ಕೆಂಪಾಗಿ ಹೊರನಡೆದರು. ಆಮೇಲೆ ಹುಡುಗನನ್ನು ಕೋಣೆಗೆ ಕರೆಸಿ, ತಾನು ಕೇಳಿದ ಅತಿ ಕೆಟ್ಟ ಸೆಮಿನಾರ್ ಇದು ಎಂದರು. ಅಲ್ಲಿಗೆ ಆ ಗುಂಪಿನ ಋಣ ತೀರಿತು. ಕಾರ್ಪ್ಲಸ್ ರಸಾಯನಶಾಸ್ತ್ರಕ್ಕೆ ಬಂದರು, ಕೊನೆಗೆ ಲೈನಸ್ ಪಾಲಿಂಗ್ ಅವರ ವಿದ್ಯಾರ್ಥಿಯಾದರು. ವರ್ಷಗಳ ನಂತರ ಅವರಿಗೆ ಗೊತ್ತಾಯಿತು: ಡೆಲ್ಬ್ರುಕ್ ಆ ಮಾತನ್ನು ಇನ್ನೂ ಹಲವರಿಗೆ ಹೇಳಿದ್ದರು, ಅದು ಅಲ್ಲಿ ಒಂದು ದೀಕ್ಷೆಯಂತೆ ನಡೆದುಕೊಂಡು ಬಂದಿತ್ತು.

ಈ ಕಥೆಯನ್ನು ಕಾರ್ಪ್ಲಸ್ ಅಭಿಮಾನಿಗಳು ನಗುತ್ತ ಹೇಳುತ್ತಾರೆ. ನನಗೆ ಪೂರ್ತಿ ನಗು ಬರುವುದಿಲ್ಲ. ದೀಕ್ಷೆ ಎಂಬ ಹೆಸರಿಟ್ಟರೆ ಅವಮಾನ ಚಿಕ್ಕದಾಗುವುದಿಲ್ಲ. ಆ ಸಭೆಯಲ್ಲಿ ಫೈನ್‌ಮನ್ ಕೂತಿರದಿದ್ದರೆ? ಹೀಗೆ ಕೆಟ್ಟ ಸೆಮಿನಾರ್ ಕೊಟ್ಟು ವಾಪಸು ಊರಿಗೆ ಹೋದವರು ಆತ್ಮಕಥೆ ಬರೆಯಲಿಲ್ಲ, ಅವರ ಕಥೆ ನಮಗೆ ಸಿಗುವುದೂ ಇಲ್ಲ. ಗೆದ್ದವರ ನೆನಪುಗಳನ್ನು ಓದುವಾಗ ನಾನು ಇಟ್ಟುಕೊಂಡ ಎಚ್ಚರ ಇದೊಂದೇ: ಅವರು ಹೇಳಿದ್ದು ಸುಳ್ಳೆಂದಲ್ಲ, ಅದೇ ಕೋಣೆಯಲ್ಲಿದ್ದ ಬೇರೆಯವರ ಕಥೆ ಇದರಲ್ಲಿ ಇಲ್ಲ.

ಕ್ಯಾಲ್ಟೆಕ್‌ನ ಇನ್ನೊಂದು ಮುಖ ಆಲ್ಟಡೀನಾದ ಬಾಡಿಗೆ ಮನೆ. ಹಲವು ಸಂಶೋಧನಾ ವಿದ್ಯಾರ್ಥಿಗಳು ಸೇರಿ ಆ ಮನೆ ಹಿಡಿದಿದ್ದರು. ಅವರಿಗೆಲ್ಲ ಅಡುಗೆ ಮಾಡುತ್ತಿದ್ದುದು ಮಾರ್ಟಿನ್. ಪಾಲಕ್ ಎಸೆದವನ ಕೈಗೆ ಸೌಟು ಬಂದಿತ್ತು. ಆ ಮನೆಯ ಕೂಟಗಳಿಗೆ ಫೈನ್‌ಮನ್ ಬಂದು ಡೋಲು ಬಾರಿಸುತ್ತಿದ್ದರಂತೆ. ಸೆಮಿನಾರಿನಲ್ಲಿ ಬಾಯಿ ಹಾಕಿ ಕಾಪಾಡಿದವರೂ ಇವರೇ, ರಾತ್ರಿ ಅದೇ ಹುಡುಗ ಮಾಡಿದ ಅಡುಗೆ ತಿಂದವರೂ ಇವರೇ. ಇನ್ನು ಪಾಲಿಂಗ್. 1953ರಲ್ಲಿ ಒಂದು ದಿನ ಬಂದು, ತಾವು ಮೂರು ವಾರದಲ್ಲಿ ದೀರ್ಘ ಪ್ರವಾಸ ಹೊರಡುತ್ತಿದ್ದೇವೆ, ಅಷ್ಟರೊಳಗೆ ಮಹಾಪ್ರಬಂಧ ಮುಗಿಸಿದರೆ ಒಳ್ಳೆಯದು ಎಂದು ಹೇಳಿ ಹೋದರು. ಗೆಳೆಯರ ನೆರವಿನಿಂದ ಹಗಲುರಾತ್ರಿ ಕೂತು ಅದು ಮುಗಿಯಿತು. ನನ್ನದು ಐದನೆಯ ವರ್ಷ. ಈ ವಾಕ್ಯವನ್ನು ನಾನು ನಿಧಾನವಾಗಿ ಟೈಪ್ ಮಾಡಿದ್ದೇನೆ.

ಆಕ್ಸ್‌ಫರ್ಡ್‌ನಲ್ಲಿ ಚಾರ್ಲ್ಸ್ ಕೋಲ್ಸನ್ ಜೊತೆ ಎರಡು ವರ್ಷ, ಕೈಯಲ್ಲಿ ಲೈಕಾ ಕ್ಯಾಮೆರಾ ಹಿಡಿದು ಯುರೋಪಿನ ಸುತ್ತಾಟ. ನಂತರ 1955ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ ಹುದ್ದೆ. ಅಲ್ಲಿ ಅವರು ಒಂದು ಸಣ್ಣ ಪ್ರಶ್ನೆಗೆ ಲೆಕ್ಕ ಹಾಕಿಟ್ಟುಕೊಂಡಿದ್ದರು: ಪಕ್ಕಪಕ್ಕದ ಎರಡು ಇಂಗಾಲದ ಪರಮಾಣುಗಳ ಮೇಲಿನ ಹೈಡ್ರೋಜನ್‌ಗಳು ಒಂದಕ್ಕೊಂದು ಎಷ್ಟು ಕೋನದಲ್ಲಿ ತಿರುಗಿ ನಿಂತಿವೆ ಎಂಬುದನ್ನು ಕಾಂತೀಯ ಅನುರಣನದ ಅಳತೆಯಿಂದ ತಿಳಿಯಬಹುದೇ? ಒಂದು ದಿನ ಸಕ್ಕರೆಗಳ ಮೇಲೆ ಕೆಲಸ ಮಾಡುತ್ತಿದ್ದ ಕೆನಡಾದ ಲೆಮ್ಯೂ ಎಂಬ ರಸಾಯನಶಾಸ್ತ್ರಜ್ಞರ ಉಪನ್ಯಾಸಕ್ಕೆ ಹೋಗಿ ಕೂತರು. ಅವರು ಪ್ರಯೋಗದಲ್ಲಿ ಕಂಡದ್ದನ್ನು ತೋರಿಸುತ್ತಿದ್ದಂತೆ, ಅದಕ್ಕೆ ವಿವರಣೆ ತನ್ನ ಕಾಗದದಲ್ಲೇ ಇದೆ ಎಂದು ಕಾರ್ಪ್ಲಸ್‌ಗೆ ಹೊಳೆಯಿತು. 1959ರಲ್ಲಿ ಪ್ರಕಟವಾದ ಆ ‘ಕಾರ್ಪ್ಲಸ್ ಸಮೀಕರಣ’ವನ್ನು ಇಂದು ರಸಾಯನಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ಸಭೆಯಲ್ಲಿ ಸುಮ್ಮನೆ ಕೇಳುತ್ತ ಕೂರುವುದೂ ಒಂದು ಕೆಲಸ.

ಈಗ ಅಣ್ಣನ ಕಡೆ ತಿರುಗಬೇಕು. ಬಹುಮಾನದ ಕಥೆಗಳಲ್ಲಿ ಇವನು ಒಂದು ಸಾಲಿನಲ್ಲಿ ಬಂದುಹೋಗುತ್ತಾನೆ. ಅದು ನನಗೆ ಅನ್ಯಾಯವೆನಿಸುತ್ತದೆ.

ಸ್ಫೋಟಗಾರ ರಾಬರ್ಟ್ ದೊಡ್ಡ ಭೌತವಿಜ್ಞಾನಿಯಾದರು. 21ನೆಯ ವಯಸ್ಸಿಗೆ ಹಾರ್ವರ್ಡ್‌ನಿಂದ ಪಿಎಚ್‌.ಡಿ., ಎಲೆಕ್ಟ್ರಾನಿನ ಕಾಂತಗುಣದ ಬಗ್ಗೆ ನಾರ್ಮನ್ ಕ್ರೋಲ್ ಜೊತೆ 1950ರಲ್ಲಿ ಮಾಡಿದ ಕಠಿಣ ಲೆಕ್ಕ, ಆಮೇಲೆ ಬರ್ಕ್ಲಿಯಲ್ಲಿ ಪ್ರಾಧ್ಯಾಪಕ ಹುದ್ದೆ. ಮನೆಯಲ್ಲಿ ಏಳು ಮಕ್ಕಳು. 1950ರ ದಶಕದ ಕೊನೆಯಲ್ಲಿ ಮಗಳು ಬೆವರ್ಲಿಯ ಪ್ರಾಥಮಿಕ ತರಗತಿಗೆ ವಿಜ್ಞಾನ ತೋರಿಸಲು ಹೋದರು. ಜೊತೆಗೆ ಒಯ್ದದ್ದು ವಿಮ್‌ಶರ್ಸ್ಟ್ ಯಂತ್ರ: ಹಿಡಿ ತಿರುಗಿಸಿದರೆ ಎರಡು ತಟ್ಟೆಗಳು ಎದುರುಬದುರು ಸುತ್ತಿ, ಎರಡು ಗುಂಡುಗಳ ನಡುವೆ ಚಟ್ಟನೆ ಕಿಡಿ ಹಾರುವ ಯಂತ್ರ. ಮಕ್ಕಳಿಗೆ ಕಿಡಿ ಹಿಡಿಸಿತು. ರಾಬರ್ಟ್‌ಗೆ ಹಿಡಿದದ್ದು ಬೇರೆ. ಕಿಡಿ ನೋಡಿದ ಮಗುವಿನ ತಲೆಯಲ್ಲಿ ನಿಜವಾಗಿ ಏನು ಮೂಡುತ್ತದೆ ಎಂಬ ಪ್ರಶ್ನೆ. ಅಲ್ಲಿಂದ ಅವರು ಹಿಂದಿರುಗಲಿಲ್ಲ. ಕ್ವಾಂಟಂ ಕ್ಷೇತ್ರ ಸಿದ್ಧಾಂತವನ್ನು ಮೆಲ್ಲಗೆ ಬದಿಗಿಟ್ಟು, ಹರ್ಬರ್ಟ್ ಥಿಯರ್ ಜೊತೆ ಪ್ರಾಥಮಿಕ ಶಾಲೆಗಳ ವಿಜ್ಞಾನ ಪಾಠಗಳನ್ನು ಹೊಸದಾಗಿ ಕಟ್ಟಲು ಕೂತರು.

ಆ ಪಾಠಗಳಲ್ಲಿ ‘ಮಿಸ್ಟರ್ ಓ’ ಎಂಬ ಕಾಗದದ ಮನುಷ್ಯನಿದ್ದಾನೆ. ಅವನಿಗೆ ಪ್ರಪಂಚದ ಬಗ್ಗೆ ಗೊತ್ತಿರುವುದು ತನ್ನ ಮೈಯಿಂದ ನೋಡಿದಷ್ಟೇ: ನನ್ನ ತಲೆಯ ಮೇಲೆ, ನನ್ನ ಎಡಕ್ಕೆ, ನನ್ನ ಬೆನ್ನ ಹಿಂದೆ. ಅವನನ್ನು ತಲೆಕೆಳಗು ಮಾಡಿದರೂ ತನ್ನ ತಲೆ ಇರುವ ದಿಕ್ಕೇ ಅವನಿಗೆ ‘ಮೇಲೆ’. ಮಕ್ಕಳು ಅವನ ಪರವಾಗಿ ಮಾತಾಡಬೇಕು. ಸಾಪೇಕ್ಷತೆಯ ಮೊದಲ ಮೆಟ್ಟಿಲನ್ನು ಒಬ್ಬ ಕ್ವಾಂಟಂ ವಿಜ್ಞಾನಿ ಕತ್ತರಿ, ಕಾಗದದಿಂದ ಮಾಡಿಕೊಟ್ಟಿದ್ದು ಹೀಗೆ.

ಅವರ ಇನ್ನೊಂದು ಒಗಟನ್ನು ಕಳೆದ ರಜೆಯಲ್ಲಿ ಸಾಗರದ ನಮ್ಮ ಮನೆಯಲ್ಲಿ ಇಟ್ಟು ನೋಡಿದೆ. ಒಬ್ಬ ಕುಳ್ಳ, ಒಬ್ಬ ಎತ್ತರದವ. ದೊಡ್ಡ ಗುಂಡಿಗಳನ್ನು ಜೋಡಿಸಿ ಅಳೆದರೆ ಕುಳ್ಳ 4 ಗುಂಡಿ ಎತ್ತರ, ಎತ್ತರದವ 6 ಗುಂಡಿ. ಕುಳ್ಳನನ್ನು ಪೇಪರ್ ಕ್ಲಿಪ್ಪಿನಲ್ಲಿ ಅಳೆದರೆ 6 ಕ್ಲಿಪ್. ಹಾಗಾದರೆ ಎತ್ತರದವ ಎಷ್ಟು ಕ್ಲಿಪ್? ಅಕ್ಕನ ಮಗಳು ತಕ್ಷಣ “ಎಂಟು” ಎಂದಳು. ಯಾಕೆ ಎಂದರೆ, “ಗುಂಡಿ ಎರಡು ಜಾಸ್ತಿ ಅಲ್ವಾ ಚಿಕ್ಕಿ, ಕ್ಲಿಪ್ಪೂ ಎರಡು ಜಾಸ್ತಿ.” ಭಾವನೂ ಫೋನಿನಿಂದ ತಲೆಯೆತ್ತದೆ “ಎಂಟು” ಎಂದರು. ಭಾವ ಇಂಜಿನಿಯರ್. ಅಡುಗೆಮನೆಯಲ್ಲಿ ದೋಸೆಗೆ ಅಕ್ಕಿ ಅಳೆಯುತ್ತಿದ್ದ ಅಮ್ಮ, “ಒಂದು ಗುಂಡಿಗೆ ಒಂದೂವರೆ ಆತಲ್ಲ. ಆರಕ್ಕೆ ಒಂಬತ್ತು” ಎಂದು ಹೇಳಿ ಮತ್ತೆ ಪಾವಿಗೆ ಕೈ ಹಾಕಿದಳು. ಭಾವ ಫೋನು ಕೆಳಗಿಟ್ಟರು.

ರಾಬರ್ಟ್ ಕಾರ್ಪ್ಲಸ್‌ಗೆ ಮುಖ್ಯವಾದದ್ದು ಒಂಬತ್ತು ಎಂಬ ಉತ್ತರವಲ್ಲ. ಎಂಟು ಎಂದವರು ಕೊಡುವ ಕಾರಣ. ಆ ಕಾರಣಗಳನ್ನು ಬರೆಸಿಕೊಂಡು, ಬಗೆಬಗೆಯಾಗಿ ವಿಂಗಡಿಸಿ, ಮಗು ಕೂಡುವ ಯೋಚನೆಯಿಂದ ಗುಣಿಸುವ ಯೋಚನೆಗೆ ಯಾವ ದಾರಿಯಲ್ಲಿ ದಾಟುತ್ತದೆ ಎಂದು ನೋಡಿದರು. ತಪ್ಪನ್ನು ಇಷ್ಟು ಗೌರವದಿಂದ ಓದಿದ ಭೌತವಿಜ್ಞಾನಿ ಕಡಿಮೆ. ಡೆಲ್ಬ್ರುಕ್‌ರ ಸೆಮಿನಾರಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಅರ್ಥವಾಗಲಿಲ್ಲ ಎಂಬ ಮಾತು ಅಲ್ಲಿ ಬಾಗಿಲು ಮುಚ್ಚಿತು. ಇಲ್ಲಿ ಕೆಲಸ ಶುರುವಾಗುವುದೇ ಅದರಿಂದ.

ತಮ್ಮನ ಬದುಕಿನಲ್ಲಿ ಇಂಥ ಒಂದು ತೆರೆದ ಕೋಣೆ ಸಿಕ್ಕಿದ್ದು 1976ರಲ್ಲಿ, ಪ್ಯಾರಿಸ್‌ನ ಹತ್ತಿರದ ಓರ್ಸೆ ಎಂಬಲ್ಲಿ.

ಅದರ ಹಿನ್ನೆಲೆ ಸ್ವಲ್ಪ ಹೇಳಬೇಕು. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ, ತನ್ನೊಳಗೆ ತಾನೇ ಮಡಿಚಿಕೊಂಡು ಒಂದು ಆಕಾರಕ್ಕೆ ಬಂದಿರುವಂಥದ್ದು. ಆ ಸರ ಯಾವ ಕೋನಗಳಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಲಾರದು ಎಂಬ ನಕ್ಷೆಯನ್ನು 1963ರಲ್ಲಿ ಮದ್ರಾಸಿನಿಂದ ಜಿ.ಎನ್. ರಾಮಚಂದ್ರನ್ ತಮ್ಮ ಸಂಗಡಿಗರೊಂದಿಗೆ ಕೊಟ್ಟಿದ್ದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದವರೂ ಅವರೇ. ಎಕ್ಸ್-ಕಿರಣಗಳಿಂದ ಹಲವು ಪ್ರೋಟೀನ್‌ಗಳ ಚಿತ್ರಗಳೂ ಸಿಕ್ಕಿದ್ದವು. ಆದರೆ ಚಿತ್ರ ಅಲುಗಾಡುವುದಿಲ್ಲ. ನೋಡಿದವರ ಮನಸ್ಸಿನಲ್ಲಿ ಪ್ರೋಟೀನ್ ಎಂದರೆ ಕಲ್ಲಿನಲ್ಲಿ ಕೆತ್ತಿದ ವಿಗ್ರಹದಂತೆ ಗಟ್ಟಿಯಾದ ವಸ್ತು ಎಂದೇ ಕೂತಿತ್ತು. ಕಾರ್ಪ್ಲಸ್ ಗುಂಪಿಗೆ ಅದು ಅಲುಗುವುದನ್ನು ನೋಡಬೇಕಿತ್ತು.

ಉಪಾಯ ಹೇಳಲು ಸುಲಭ. ಪ್ರತಿ ಪರಮಾಣುವಿನ ಮೇಲೆ ಅಕ್ಕಪಕ್ಕದವು ಎಷ್ಟು ಬಲ ಹಾಕುತ್ತಿವೆ ಎಂದು ಲೆಕ್ಕ ಹಾಕಿ. ನ್ಯೂಟನ್ನನ ನಿಯಮದಂತೆ ಅದನ್ನು ಕೂದಲೆಳೆಯಷ್ಟು ಸರಿಸಿ. ಎಲ್ಲವೂ ಸರಿದ ಮೇಲೆ ಬಲಗಳನ್ನು ಹೊಸದಾಗಿ ಲೆಕ್ಕ ಹಾಕಿ. ಮತ್ತೆ ಸರಿಸಿ. ಸಾವಿರಾರು ಸಲ. ದ್ರವರೂಪದ ಆರ್ಗಾನ್ ಅನಿಲದ 864 ಪರಮಾಣುಗಳಿಗೆ ಇದನ್ನು 1964ರಲ್ಲೇ ಮಾಡಿ ತೋರಿಸಿದ್ದವರು ಹೈದರಾಬಾದಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಅನೀಸುರ್ ರಹಮಾನ್. ಆದರೆ ಆರ್ಗಾನ್ ಪರಮಾಣುಗಳು ಒಂದೇ ಜಾತಿಯವು, ಗೋಲಿಗಳಂತೆ. ಪ್ರೋಟೀನ್‌ನಲ್ಲಿ ಬಗೆಬಗೆಯ ಪರಮಾಣುಗಳು ಬಗೆಬಗೆಯ ಬಂಧಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಈ ಯೋಜನೆ ಕೇಳಿದ ರಸಾಯನಶಾಸ್ತ್ರಜ್ಞ ಸಹೋದ್ಯೋಗಿಗಳು ಇದು ಆಗದ ಕೆಲಸ ಎಂದರು, ಜೀವವಿಜ್ಞಾನಿಗಳು ಆದರೂ ಏನೂ ಪ್ರಯೋಜನವಿಲ್ಲ ಎಂದರು ಎಂದು ಕಾರ್ಪ್ಲಸ್ ಮುಂದೆ ನೆನೆದಿದ್ದಾರೆ. ಇಂಥದ್ದಕ್ಕೆ ದೊಡ್ಡ ಕಂಪ್ಯೂಟರಿನ ಸಮಯ ಕೊಡುವವರು ಯಾರು? ಅಮೆರಿಕದಲ್ಲಿ ಸಿಗುವುದು ಕಷ್ಟವಿತ್ತು.

ಓರ್ಸೆಯಲ್ಲಿ ಕಾರ್ಲ್ ಮೋಸರ್ 1969ರಲ್ಲಿ ಕಟ್ಟಿದ ‘ಸೆಕಾಮ್’ ಎಂಬ ಕೇಂದ್ರವಿತ್ತು. ಪರಮಾಣು, ಅಣುಗಳ ಲೆಕ್ಕ ಹಾಕುವ ಯುರೋಪಿನ ವಿಜ್ಞಾನಿಗಳ ಕೂಡುತಾಣ. ಅಲ್ಲಿಗೆ ಒಂದು ದೊಡ್ಡ ಕಂಪ್ಯೂಟರ್ ಬಳಸಲು ಸಿಗುತ್ತಿತ್ತು. ನಮಗೆ ಪರಿಚಯವಿರುವ ಸಮ್ಮೇಳನಗಳು ಹೇಗೆಂದರೆ, ಹದಿನೈದು ನಿಮಿಷ ಮಾತು, ಐದು ನಿಮಿಷ ಪ್ರಶ್ನೆ, ಊಟಕ್ಕೆ ಸಾಲು, ಪ್ರಮಾಣಪತ್ರ, ರೈಲು. ಅಲ್ಲಿಯ ಪದ್ಧತಿ ಬೇರೆ. ಜನ ವಾರಗಟ್ಟಲೆ ಇದ್ದು, ಒಟ್ಟಿಗೆ ಪ್ರೋಗ್ರಾಮ್ ಬರೆದು, ಓಡಿಸಿ, ತಪ್ಪಿದರೆ ಮತ್ತೆ ಬರೆಯುತ್ತಿದ್ದರು. 1976ರ ಬೇಸಗೆಯಲ್ಲಿ ನೆದರ್ಲೆಂಡ್ಸ್‌ನ ಹರ್ಮನ್ ಬೆರೆಂಡ್ಸೆನ್ ಅಲ್ಲಿ ಪ್ರೋಟೀನ್‌ಗಳ ಚಲನೆಯ ಮೇಲೆ ಎರಡು ತಿಂಗಳ ಕಾರ್ಯಾಗಾರ ನಡೆಸಿದರು. ದ್ರವಗಳ ಲೆಕ್ಕ ಬಲ್ಲವರೂ ಪ್ರೋಟೀನ್ ಬಲ್ಲವರೂ ಒಂದೇ ಕಡೆ ಸೇರಿದರು. ರಹಮಾನ್ ಕೂಡ ಬಂದಿದ್ದರು. ಹಾರ್ವರ್ಡ್‌ನಿಂದ ಕಾರ್ಪ್ಲಸ್ ಗುಂಪಿನ ಆಂಡ್ರ್ಯೂ ಮೆಕ್‌ಕ್ಯಾಮನ್ ಅಲ್ಲಿಗೆ ಬಂದಾಗ ಜೊತೆಗಿದ್ದದ್ದು ಅದೇ ಗುಂಪಿನ ಬ್ರೂಸ್ ಗೆಲಿನ್ ಬರೆದಿದ್ದ ಪ್ರೋಗ್ರಾಮ್.

ಆರಿಸಿಕೊಂಡದ್ದು ದನದ ಮೇದೋಜೀರಕ ಗ್ರಂಥಿಯ ಒಂದು ಪುಟ್ಟ ಪ್ರೋಟೀನ್, 58 ಅಮೈನೋ ಆಮ್ಲಗಳದ್ದು. ಅದರ ಸುತ್ತ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಯಂತ್ರಕ್ಕೆ ಶಕ್ತಿ ಸಾಲದು, ಹಾಗಾಗಿ ಬರೀ ಶೂನ್ಯದಲ್ಲಿ. ಒಂದೊಂದು ಹೆಜ್ಜೆಯೂ ಸುಮಾರು ಒಂದು ಫೆಮ್ಟೊಸೆಕೆಂಡ್. ಅಂಥ ಸಾವಿರ ಹೆಜ್ಜೆ ಸೇರಿದರೆ ಒಂದು ಪಿಕೊಸೆಕೆಂಡ್, ಎಂದರೆ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಷ್ಟೆಲ್ಲ ಹೆಣಗಿ ಅವರು ನೋಡಿದ್ದು ಆ ಪ್ರೋಟೀನ್‌ನ ಬದುಕಿನ ಹತ್ತು ಪಿಕೊಸೆಕೆಂಡ್‌ಗಿಂತ ಕಡಿಮೆ ಹೊತ್ತು. ಆದರೆ ಆ ಹೊತ್ತಿನಲ್ಲಿ ವಿಗ್ರಹ ಅಲುಗಿತು. ಒಳಭಾಗದ ಪರಮಾಣುಗಳು ದ್ರವದೊಳಗಿನವುಗಳಂತೆ ತೂಗಾಡುತ್ತಿದ್ದವು. 1977ರ ಜೂನ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮೆಕ್‌ಕ್ಯಾಮನ್, ಗೆಲಿನ್, ಕಾರ್ಪ್ಲಸ್ ಮೂವರ ಹೆಸರಿನಲ್ಲಿ ಅದು ಪ್ರಕಟವಾಯಿತು. ಇಂದು ಔಷಧಿ ಹುಡುಕುವ ಕಂಪನಿಗಳೂ ವಿಶ್ವವಿದ್ಯಾಲಯಗಳೂ ದಿನನಿತ್ಯ ಮಾಡುವ ಲೆಕ್ಕಕ್ಕೆ ಅದು ಮೊದಲ ಹೆಜ್ಜೆ.

ಆ ಪ್ರೋಗ್ರಾಮ್ ಮುಂದೆ ಬೆಳೆದು 1983ರಲ್ಲಿ ಹೆಸರು ಪಡೆಯಿತು. ‘ಹಾರ್ವರ್ಡ್’ ಪದದಿಂದ ಕಟ್ಟಿದ ಹೆಸರು ಮೊದಲು ‘ಹಾರ್ಮ್’ ಎಂದು ಬಂತು. ಇಂಗ್ಲಿಷಿನಲ್ಲಿ ಹಾನಿ ಎಂದು ಕೇಳಿಸುತ್ತದೆ. ಮುಂದೆ ‘ಕೆಮಿಸ್ಟ್ರಿ’ಯ ಮೊದಲಕ್ಷರ ಸೇರಿ ‘ಚಾರ್ಮ್’ ಆಯಿತು. ಲಕ್ಷಾಂತರ ಸಾಲುಗಳ ಗಂಭೀರ ಪ್ರೋಗ್ರಾಮಿನ ನೆತ್ತಿಯ ಮೇಲೆ ಈ ತಮಾಷೆ ಕೂತಿದೆ.

‘ನೇಚರ್’ ಪ್ರಬಂಧದಲ್ಲಿ ಮೂರು ಹೆಸರುಗಳು. ಬಹುಮಾನದ ಪತ್ರದಲ್ಲಿ, ಅದರಲ್ಲಿ ಒಂದು ಮಾತ್ರ. ಓರ್ಸೆಯ ಕಾರ್ಯಾಗಾರದ ವರದಿ ಎಂಬುದೊಂದಿದೆ, ಯಾವ ನಿಯತಕಾಲಿಕವೂ ಅಲ್ಲದ, ಕೇಂದ್ರವೇ ಹೊರತಂದ ಸಂಪುಟ. ಅದರಲ್ಲಿ ಬೇರೆ ಬೇರೆ ಜೋಡಿಗಳು ಬೇರೆ ಬೇರೆ ಪ್ರಯತ್ನಗಳನ್ನು ಬರೆದಿದ್ದಾರೆ. ಯಾನ್ ಹರ್ಮನ್ಸ್ ಮತ್ತು ರಹಮಾನ್ ಜೊತೆಯಾಗಿ ಬರೆದ ಭಾಗವೂ ಇದೆ. ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ ಕುಳಿತಿರುವುದು ಈ ಎರಡು ದಾಖಲೆಗಳ ನಡುವಿನ ಅಂತರದಲ್ಲಿ. ಹರಟೆ ಎಂದ ಹಿರಿಯರಿಗೆ ಅದನ್ನು ಓದಲು ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ರಾಬರ್ಟ್ 1990ರಲ್ಲಿ ತೀರಿಕೊಂಡರು. ಮಾರ್ಟಿನ್ 2024ರ ಡಿಸೆಂಬರ್ 28ರಂದು, 94ನೆಯ ವಯಸ್ಸಿನಲ್ಲಿ. ಆ ಸುದ್ದಿ ಓದಿದ ಸಂಜೆ ಊರಿನಲ್ಲಿದ್ದೆ. ಅಕ್ಕನ ಮಗಳಿಗೆ ಮಿಸ್ಟರ್ ಓನ ಕಥೆ ಹೇಳಿದೆ. ಹಳೆಯ ಮದುವೆ ಕರೆಯೋಲೆ ಕತ್ತರಿಸಿ ಅವನನ್ನು ಮಾಡಿಕೊಂಡಳು. ಕಣ್ಣು ಬರೆದಳು, ಮೀಸೆಯನ್ನೂ ಬರೆದಳು. ಆಮೇಲೆ ಸ್ಟೂಲು ಹತ್ತಿ, ಅನ್ನದ ಅಗುಳು ಹಚ್ಚಿ, ಊಟದ ಕೋಣೆಯ ಗೋಡೆಗೆ ತಲೆಕೆಳಗಾಗಿ ಅಂಟಿಸಿದಳು.

“ಚಿಕ್ಕಿ, ಈಗ ಇವನಿಗೆ ಫ್ಯಾನ್ ಎಲ್ಲಿದೆ ಹೇಳು?”

“ಕಾಲ ಕೆಳಗೆ.”

“ಅಜ್ಜಿ?”

ಅಮ್ಮ ಒಳಗಿನಿಂದ ಬಂದು ಗೋಡೆ ನೋಡಿದಳು. ದೀಪಾವಳಿಗೆ ಸುಣ್ಣ ಹೊಡೆಸಿದ ಗೋಡೆ.

“ತಲೆ ಮೇಲೆ ನಿಂತಿದ್ದಾಳೆ ಅನ್ನು ಅವನಿಗೆ,” ಎಂದಳು. “ಆ ಅಗುಳಿನ ಕಲೆ ಇನ್ನು ಹೋಗೂದಿಲ್ಲ.”